ಹಾಡು ಕೇಳಿದರೆ ಹಕ್ಕು ಸಿಗುತ್ತಾ?

ಪೇಟೆಯವರು ಸಾವಿರಾರು ರೂಪಾಯಿ ಟಿಕೆಟ್ ತಗೊಂಡು ರಾಕ್ ಸಂಗೀತಕ್ಕೆ ಹೋಗಿ ಕುಣಿದು ಬರ್ತಾರೆ, ಅದಕ್ಕೂ ಮಾನವ ಹಕ್ಕಿಗೂ ಏನು ಸಂಬಂಧ ಅಂತ ನಾವೂ ನಗುತ್ತಿದ್ದವರೇ. 1988ರ ಒಂದು ಸಂಗೀತ ಯಾತ್ರೆಯ ಕಥೆ ತಿಳಿದ ಮೇಲೆ ಅಷ್ಟು ಸಲೀಸಾಗಿ ನಗು ಬರುತ್ತಿಲ್ಲ.

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಗೆ ಆ ವರ್ಷ 40 ತುಂಬಿತ್ತು. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆ ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಸ್ಟಿಂಗ್, ಪೀಟರ್ ಗೇಬ್ರಿಯಲ್, ಟ್ರೇಸಿ ಚಾಪ್‌ಮನ್, ಸೆನೆಗಲ್‌ನ ಯೂಸು ಎನ್‌ದೂರ್ ಇವರನ್ನೆಲ್ಲ ಸೇರಿಸಿ ಆರು ವಾರದಲ್ಲಿ 20 ಕಡೆ ಹಾಡಿಸಿತು. ಸೆಪ್ಟೆಂಬರ್ 30ಕ್ಕೆ ದೆಹಲಿಯ ನೆಹರು ಸ್ಟೇಡಿಯಮ್ಮಿಗೂ ಬಂದಿದ್ದರು. ಖರ್ಚಿಗೆ ಶೂ ಕಂಪನಿಯೊಂದರ ಪ್ರತಿಷ್ಠಾನದ ದುಡ್ಡು. (ನಮ್ಮ ಜಾತ್ರೆ ಫ್ಲೆಕ್ಸಿನ ಹಾಗೆ ಅಲ್ಲೂ ಪ್ರಾಯೋಜಕರು ಬೇಕು.)

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮೆಂಡೋಜಾ. ಅದು ಅರ್ಜೆಂಟಿನಾದ ಊರು, ಬೆಟ್ಟ ದಾಟಿದರೆ ಚಿಲಿ. ಚಿಲಿಯಲ್ಲಿ ಆಗ ಸರ್ವಾಧಿಕಾರಿ ಪಿನೊಚೆಯ ಆಳ್ವಿಕೆ, ಅಲ್ಲಿ ಕಾರ್ಯಕ್ರಮ ನಡೆಸುವ ಹಾಗಿರಲಿಲ್ಲ. ಅಕ್ಟೋಬರ್ 5ರಂದು ಚಿಲಿಯ ಜನ ಮತ ಹಾಕಿ ಅವನಿಗೆ 'ಬೇಡ' ಅಂದಿದ್ದರು. ಒಂಬತ್ತು ದಿನಕ್ಕೆ ಮೆಂಡೋಜಾದಲ್ಲಿ ಹಾಡು. ಚಿಲಿಯವರು ಗಡಿ ದಾಟಿ ಬಂದರು. ಸೈನಿಕರು ಹಿಡಿದೊಯ್ದು ಮತ್ತೆ ಕಾಣದೇ ಹೋದ ಗಂಡಂದಿರ ಫೋಟೋ ಎದೆಗೆ ಸಿಕ್ಕಿಸಿಕೊಂಡು, ಜೋಡಿಯಲ್ಲಿ ಕುಣಿಯಬೇಕಾದ ಕುಣಿತವನ್ನು ಚಿಲಿಯ ಹೆಂಗಸರು ಒಬ್ಬೊಬ್ಬರೇ ಕುಣಿಯುತ್ತಿದ್ದರು. ಅದರ ಮೇಲೇ ಸ್ಟಿಂಗ್ ಹಾಡು ಕಟ್ಟಿದ್ದ. ಆ ಹಾಡು ಕೇಳೋಕೆ ಬೆಟ್ಟ ದಾಟಿದವರಿಗೆ 'ಮಜಾ ಮಾಡೋಕೆ ಹೋಗಿದ್ರಾ' ಅಂತ ಯಾರು ಕೇಳ್ತೀರಿ?

ಇನ್ನೊಂದು ವಿಷಯ. ಬಂದವರ ಕೈಗೆ ಆ ಘೋಷಣೆಯ ಪ್ರತಿ ಕೊಡುತ್ತಿದ್ದರು, ಆಯಾ ದೇಶದ ಭಾಷೆಯಲ್ಲಿ. ಅದರಲ್ಲಿ 30 ಕಲಂ. ಮೊದಲನೆಯದರಲ್ಲಿ 'ಎಲ್ಲ ಪುರುಷರು' ಅಂತಿದ್ದದ್ದನ್ನು 'ಎಲ್ಲ ಮಾನವರು' ಅಂತ ಮಾಡಿಸಲು ಹಠ ಹಿಡಿದವರು ನಮ್ಮ ದೇಶದ ಹಂಸಾ ಮೆಹ್ತಾ. 23ನೆಯದು ಸಮಾನ ಕೆಲಸಕ್ಕೆ ಸಮಾನ ಕೂಲಿ ಅನ್ನುತ್ತದೆ. ಕನ್ನಡದಲ್ಲೂ ಇದೆ, ವಿಶ್ವಸಂಸ್ಥೆಯ ವೆಬ್‌ಸೈಟಿನಲ್ಲಿ ಸಿಗುತ್ತೆ, ಫೋನಿನಲ್ಲೇ ಓದಬಹುದು.

ನಾವು ವರದಿಗೆ ಹೋಗುವ ಹಳ್ಳಿಗಳಲ್ಲಿ ಒಂದೇ ಹೊಲದಲ್ಲಿ ಬೆಳಗ್ಗೆಯಿಂದ ಬಗ್ಗಿ ಕೆಲಸ ಮಾಡಿದರೂ ಸಂಜೆ ಹೆಣ್ಣಾಳಿನ ಕೈಗೆ ಬರೋದು ಕಡಿಮೆಯೇ. ಎಷ್ಟು ಸಲ ಬರೆದರೂ ಒಳಪುಟದ ಮೂಲೆ ದಾಟಿಲ್ಲ. ಹಾಗಾಗಿ ಈ ಸಲ ಜಾತ್ರೆ ಆರ್ಕೆಸ್ಟ್ರಾದಲ್ಲಿ ಎರಡು ಹಾಡಿನ ಮಧ್ಯೆ 23ನೇ ಕಲಂ ಓದಿಸಿ ಅಂತ ಕಮಿಟಿಯವರನ್ನು ಕೇಳಿದೆವು. ಕಮಿಟಿಯಲ್ಲಿ ಇರೋರೆಲ್ಲ ಜಮೀನಿನವರೇ.

"ಹಬ್ಬದ ದಿನ ಗಲಾಟೆ ಯಾಕ್ರೀ, ಬಿಡಿ" ಅಂದರು. ಎರಡೇ ನಿಮಿಷ ಸಾಕು ಅಂತ ಮತ್ತೆ ಕೇಳಿದ್ದೇವೆ.