ನೆಟ್ ಬರದಿದ್ದರೆ ಫೈರ್‌ವಾಲ್ ಮೇಲೆ ಸಿಟ್ಟು ಯಾಕೆ?

ನಮ್ಮ ಮನೆಯ ಕಂಪ್ಯೂಟರ್ ನನಗಿಂತ ಎರಡೇ ವರ್ಷ ಚಿಕ್ಕದು. ಅಂಗಡಿಯ ಉದ್ರಿ ಲೆಕ್ಕ ಇಡಲು ಅಬ್ಬಾ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದದ್ದು. ಅದರಲ್ಲಿ ಇಂದಿಗೂ ವಿಂಡೋಸ್ 7 ಇದೆ. ಕೆಲವು ವಾರಗಳ ಹಿಂದೆ ಆಪಾ ವಿದ್ಯಾರ್ಥಿವೇತನದ ಅರ್ಜಿ ತುಂಬಲು ಕುಳಿತಾಗ ಒಂದು ವೆಬ್‌ಸೈಟೂ ತೆರೆಯಲಿಲ್ಲ. ಕೊನೆಯ ದಿನಾಂಕಕ್ಕೆ ಎರಡೇ ದಿನ ಬಾಕಿ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಬಂತು. ನಾನು ಓದದೆ ಮುಚ್ಚಿದೆ. ಪರಿಚಯದ ಒಬ್ಬರಿಗೆ ಫೋನ್ ಮಾಡಿದೆ. ಅವರ ಉತ್ತರ ಒಂದೇ ಮಾತು: “ಫೈರ್‌ವಾಲ್ ಆಫ್ ಮಾಡಿಬಿಡು, ಎಲ್ಲ ಸರಿಹೋಗುತ್ತೆ.”

ಮಾಡಿದೆ. ಸರಿಹೋಗಲಿಲ್ಲ. ಆಪಾ ಮರುದಿನ ಸೈಬರ್ ಸೆಂಟರ್‌ನಲ್ಲಿ ಸಾಲಿನಲ್ಲಿ ನಿಂತು ಅರ್ಜಿ ಹಾಕಿ ಬಂದಳು. ಫೈರ್‌ವಾಲ್ ಮಾತ್ರ ಮೂರು ವಾರ ಆಫ್ ಆಗಿಯೇ ಇತ್ತು. ನನಗೆ ಅದು ಮರೆತೇ ಹೋಗಿತ್ತು.

ಕೊನೆಗೆ ಕಾರಣ ಕಂಡುಹಿಡಿದವಳೂ ಆಪಾನೇ. ನಾನು ಮುಚ್ಚಿದ ಎಚ್ಚರಿಕೆಯನ್ನು ಅವಳು ಓದಿದಳು: ‘ನಿಮ್ಮ ಗಡಿಯಾರ ಹಿಂದಿದೆ’. ಮೂಲೆಯಲ್ಲಿ ನೋಡಿದರೆ 2010ರ ಜನವರಿ 1! ಮದರ್‌ಬೋರ್ಡ್‌ನಲ್ಲಿ ನಾಣ್ಯದಂಥ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಸುವುದು ಅದೇ. ಹಳೇ ಕಂಪ್ಯೂಟರ್‌ಗಳಲ್ಲಿ ಅದು ಮುಗಿದಿರುತ್ತದೆ. ಸುರಕ್ಷಿತ ವೆಬ್‌ಸೈಟ್‌ಗೆ ಒಂದು ಪ್ರಮಾಣಪತ್ರ ಇರುತ್ತದೆ. ಅದಕ್ಕೆ ಆರಂಭದ ದಿನಾಂಕವೂ ಇದೆ, ಮುಗಿಯುವ ದಿನಾಂಕವೂ ಇದೆ. ಕಂಪ್ಯೂಟರ್ ಇನ್ನೂ 2010ರಲ್ಲೇ ಇದ್ದರೆ ಆ ಪತ್ರ ಅದಕ್ಕೆ ಮುಂದಿನ ತಾರೀಖಿನ ಚೆಕ್ ಇದ್ದ ಹಾಗೆ. ಬ್ಯಾಂಕಿನವರು ಅಂಥ ಚೆಕ್ ವಾಪಸ್ ಕಳಿಸುವಂತೆ ಬ್ರೌಸರ್ ಕೂಡ ತಿರಸ್ಕರಿಸುತ್ತದೆ. ಹೊಸ ಬ್ಯಾಟರಿ ಹಾಕಿ ತಾರೀಖು ಸರಿಮಾಡಿದೆವು. ವೆಬ್‌ಸೈಟ್‌ಗಳು ತೆರೆದುಕೊಂಡವು.

ನಾನು ಹೇಳಬೇಕೆಂದಿರುವುದು ಇಷ್ಟೇ: ನೆಟ್ ಬರದಿದ್ದರೆ ಮೊದಲು ಫೈರ್‌ವಾಲ್ ಆಫ್ ಮಾಡುವ ಅಭ್ಯಾಸ ತಪ್ಪು. ವಿಂಡೋಸ್‌ನ ಫೈರ್‌ವಾಲ್ ಸಾಮಾನ್ಯವಾಗಿ ತಡೆಯುವುದು ಕರೆಯದೆ ಹೊರಗಿನಿಂದ ಬರುವ ಸಂಪರ್ಕವನ್ನು. ನಾವಾಗಿ ಹೊರಗೆ ಹೋಗುವುದನ್ನು ಅದು ತಡೆಯುವುದಿಲ್ಲ. ಹಾಗಾಗಿ ವೆಬ್‌ಸೈಟ್ ತೆರೆಯದಿದ್ದಾಗ ಅದರ ತಪ್ಪು ಇರುವುದು ಅಪರೂಪ.

ಅದನ್ನು ಆಫ್ ಮಾಡಿದರೆ ಏನಾಗಬಹುದು? 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಕುತಂತ್ರಾಂಶ ಸುಮಾರು 150 ದೇಶಗಳಿಗೆ ಹಬ್ಬಿತು. ಅದು ಕಡತಗಳನ್ನು ಬೀಗ ಹಾಕಿ ಹಣ ಕೇಳುತ್ತಿತ್ತು. ಬ್ರಿಟನ್ನಿನ ಆಸ್ಪತ್ರೆಗಳೂ ತೊಂದರೆಗೆ ಸಿಕ್ಕಿದವು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ತಾನೇ ಹರಡುತ್ತಿತ್ತು. ಆ ದೋಷಕ್ಕೆ ಪರಿಹಾರ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಬಹಳ ಮಂದಿ ಇದ್ದರು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ ನಿಂತಿದೆ. ಇಂಥ ಹಳೇ ಕಂಪ್ಯೂಟರ್‌ಗೇ ಕಾವಲು ಹೆಚ್ಚು ಬೇಕು. ನಾವು ಅದರ ಕಾವಲನ್ನೇ ಮೊದಲು ತೆಗೆಯುತ್ತೇವೆ. ಆ ಮೂರು ವಾರ ಅಬ್ಬಾರ ಉದ್ರಿ ಲೆಕ್ಕವೆಲ್ಲ ಅದರಲ್ಲೇ ಇತ್ತು ಎಂದು ನೆನೆದರೆ ಈಗಲೂ ಭಯವಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಒಂದು ಕ್ರಮದಲ್ಲಿ ನೋಡಬೇಕು. ಮೊದಲು ಪರದೆಯ ಮೇಲಿನ ಎಚ್ಚರಿಕೆ ಓದಿ. ಅದೇ ವೈಫೈನಲ್ಲಿ ಫೋನ್‌ಗೆ ನೆಟ್ ಬರುತ್ತಿದೆಯೇ, ಕೇಬಲ್ ಬಿಗಿಯಾಗಿದೆಯೇ, ತಾರೀಖು ಸರಿಯಿದೆಯೇ ನೋಡಿ. ನಂತರ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಐಪಿ ಕಾನ್ಫಿಗ್’ ಆದೇಶ ಕೊಡಿ. ಐಪಿ ವಿಳಾಸ 169.254 ಎಂದು ಶುರುವಾಗಿದ್ದರೆ ರೌಟರ್‌ನಿಂದ ವಿಳಾಸ ಸಿಕ್ಕಿಲ್ಲ ಎಂದರ್ಥ. ವಿಳಾಸ ಸರಿಯಿದ್ದರೆ 8.8.8.8ಕ್ಕೆ ‘ಪಿಂಗ್’ ಮಾಡಿ. ಅಲ್ಲಿಂದ ಉತ್ತರ ಬಂದು, ವೆಬ್‌ಸೈಟ್‌ನ ಹೆಸರು ಕೊಟ್ಟಾಗ ಮಾತ್ರ ಸಿಗದಿದ್ದರೆ ತೊಂದರೆ ಇರುವುದು ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರನ್ನು ಸಂಖ್ಯೆಗೆ ಬದಲಿಸುವ ವ್ಯವಸ್ಥೆಯಲ್ಲಿ. ಬ್ರೌಸರ್ ಎಷ್ಟು ಹಳೆಯದು ಎಂದೂ ನೋಡಿ. ಕ್ರೋಮ್ 2023ರಲ್ಲಿ 110ನೇ ಆವೃತ್ತಿಯಿಂದ ವಿಂಡೋಸ್ 7 ಅನ್ನು ಕೈಬಿಟ್ಟಿದೆ.

ಫೈರ್‌ವಾಲ್‌ನಿಂದ ಎಂದೂ ತೊಂದರೆಯೇ ಆಗದು ಎಂದು ನಾನು ಹೇಳುತ್ತಿಲ್ಲ. ಅವಧಿ ಮುಗಿದ ಆಂಟಿವೈರಸ್ ತನ್ನದೇ ಫೈರ್‌ವಾಲ್ ಇಟ್ಟುಕೊಂಡು ದಾರಿ ಅಡ್ಡಗಟ್ಟಿರಬಹುದು. ಅಂಥದ್ದನ್ನು ಪೂರ್ತಿ ತೆಗೆದುಹಾಕಿ, ವಿಂಡೋಸ್‌ನದನ್ನು ಆನ್ ಮಾಡಿ. ಒಂದು ಪ್ರೋಗ್ರಾಂಗೆ ಮಾತ್ರ ತೊಂದರೆಯಾದರೆ ಅದೊಂದಕ್ಕೇ ಅನುಮತಿ ಕೊಡಿ. ಪರೀಕ್ಷೆಗೆ ಆಫ್ ಮಾಡಲೇಬೇಕಾದರೆ ಎರಡು ನಿಮಿಷ ಸಾಕು. ಏನಾಯಿತೆಂದು ಬರೆದಿಟ್ಟು ಮತ್ತೆ ಆನ್ ಮಾಡಿ.

ಟ್ರಯಲ್ ಬ್ಯಾಲೆನ್ಸ್ ಹೊಂದದಿದ್ದರೆ ನಾವು ಲೆಡ್ಜರ್ ಹರಿಯುವುದಿಲ್ಲ. ವ್ಯತ್ಯಾಸವನ್ನು ತಾತ್ಕಾಲಿಕವಾಗಿ ಸಸ್ಪೆನ್ಸ್ ಖಾತೆಯಲ್ಲಿಟ್ಟು ಒಂದೊಂದೇ ನಮೂದು ಹುಡುಕುತ್ತೇವೆ. ತಪ್ಪು ಸಿಕ್ಕ ಮೇಲೆ ಆ ಖಾತೆ ಮುಚ್ಚುತ್ತೇವೆ. ಕಂಪ್ಯೂಟರ್ ವಿಷಯದಲ್ಲೂ ಅಷ್ಟೇ ತಾಳ್ಮೆ ಸಾಕು.

ನಮ್ಮ ಕಾಲೇಜಿನ ಲ್ಯಾಬ್‌ನಲ್ಲೂ ಹಳೇ ಕಂಪ್ಯೂಟರ್‌ಗಳಿವೆ, ಎಲ್ಲವೂ ಒಂದೇ ನೆಟ್‌ವರ್ಕ್‌ನಲ್ಲಿವೆ. ಒಂದರ ಬಾಗಿಲು ತೆರೆದಿದ್ದರೆ ಉಳಿದವಕ್ಕೂ ಅಪಾಯ. ಅದಕ್ಕೇ ಅಧ್ಯಾಪಕರಲ್ಲಿ ಒಂದು ವಿನಂತಿ: ಲ್ಯಾಬ್‌ನಲ್ಲಿ ಒಂದು ನೋಟ್‌ಬುಕ್ ಇಡೋಣ. ಯಾವ ಕಂಪ್ಯೂಟರ್, ಏನು ತೊಂದರೆ, ಯಾರು ಏನು ಬದಲಿಸಿದರು, ಮತ್ತೆ ಸರಿಮಾಡಿದರೇ ಎಂದು ಬರೆಯೋಣ. ವೋಚರ್ ಇಲ್ಲದೆ ನಮೂದು ಮಾಡಬಾರದು ಎಂದು ನಮಗೆ ಕಲಿಸಿದವರು ನೀವೇ ಅಲ್ಲವೇ? ಮೊದಲ ಪುಟದಲ್ಲಿ ನನ್ನ ತಪ್ಪನ್ನೇ ಬರೆಯಲು ನಾನು ಸಿದ್ಧ.