ಎಂಟು ತೂಕ ಗೆದ್ದ ಹುಡುಗ

ಸೋದರಿಯರೇ, ಮೊನ್ನೆ ನನ್ನ ಮಗಳು 'ದಪ್ಪ ಆಗಿದ್ದೀನಿ' ಅಂತ ರಾತ್ರಿ ಊಟ ಬಿಟ್ಟಳು. ಬಯ್ಯಲಿಲ್ಲ; ಫಿಲಿಪೀನ್ಸಿನ ಬಾಕ್ಸರ್ ಮ್ಯಾನಿ ಪ್ಯಾಕ್ವಿಯಾವೊನ ಕಥೆ ಹೇಳಿದೆ.

ಬಾಕ್ಸಿಂಗಿನಲ್ಲಿ ಸರಿತೂಕದವರಿಗೇ ಪಂದ್ಯ. ಬಡತನದಲ್ಲಿ ಬೆಳೆದ ಈತ 1998ರಲ್ಲಿ, 19ನೇ ವಯಸ್ಸಿಗೇ, ಸುಮಾರು 51 ಕಿಲೋ ಒಳಗಿನವರ ವಿಶ್ವ ಚಾಂಪಿಯನ್ ಆದ. ಮರುವರ್ಷ ಮೈ ಬೆಳೆದಿತ್ತು, ತೂಕ ಇಳಿಯಲಿಲ್ಲ. ಪಂದ್ಯಕ್ಕೆ ಮುಂಚೆ ತೂಕ ನೋಡಿದಾಗಲೇ ಪಟ್ಟ ಹೋಯಿತು. ಮೂರನೇ ಸುತ್ತಿನಲ್ಲಿ ಸೋತೂ ಬಿಟ್ಟ.

ಆಮೇಲೆ ಹಳೇ ಅಳತೆಗೆ ಮೈ ಒಣಗಿಸಲಿಲ್ಲ ನೋಡಿ, ಮೇಲಿನ ತೂಕಗಳಿಗೇ ಹತ್ತಿದ. 2010ರಲ್ಲಿ ಸುಮಾರು 70 ಕಿಲೋ ವರ್ಗದ ಪಟ್ಟವೂ ಸೇರಿ ಎಂಟು ತೂಕಗಳಲ್ಲಿ ಗೆದ್ದ. ಗಂಡಸರ ಬಾಕ್ಸಿಂಗಿನಲ್ಲಿ ಬೇರೆ ಯಾರೂ ಅಷ್ಟು ಗೆದ್ದಿಲ್ಲ.

ಕೆಲವು ಪಂದ್ಯಗಳಲ್ಲಿ ತೂಕದ ಮಿತಿಯನ್ನು ಮಾತಾಡಿಕೊಂಡು ಇಳಿಸಿದ್ದರು, 2015ರಲ್ಲಿ ಮೇವೆದರ್ ಎದುರು ಸೋತ ಅನ್ನೋದೂ ನಿಜವೇ. ಆದರೆ 2019ರಲ್ಲಿ, 40ರ ವಯಸ್ಸಿನಲ್ಲಿ, ತನಗಿಂತ ಹತ್ತು ವರ್ಷ ಚಿಕ್ಕವನಾದ ಕೀತ್ ಥರ್ಮನ್‌ನನ್ನು ಸೋಲಿಸಿ ಮತ್ತೆ ಪಟ್ಟ ಗೆದ್ದನಲ್ಲ! ನನಗಂತೂ ಎಂಟು ಪಟ್ಟಕ್ಕಿಂತ ದೊಡ್ಡದು, ಬೆಳೆಯುವ ಮೈಯನ್ನು ಆತ ಒಪ್ಪಿಕೊಂಡದ್ದು.

ಕಥೆ ಮುಗಿಯಿತು. ಮಗಳು ತಟ್ಟೆ ತಂದಳು. ನಿಮ್ಮನೆಯಲ್ಲೂ ಹೀಗಾದರೆ, ಬಡಿಸುತ್ತಾ ಹೇಳಿ ನೋಡಿ.