ಕಾರಿನ ಬೆನ್ನಿಗೆ ಕಟ್ಟಿದ ಮನೆ

ಆಸ್ಟ್ರೇಲಿಯಾ ದೇಶದ ವಿಸ್ತಾರವನ್ನು ಭೂಪಟದಲ್ಲಿ ನೋಡಿ ಅರಿಯುವುದು ಒಂದು. ಅದರ ರಸ್ತೆಗಳ ಮೇಲೆ ಚಕ್ರ ಉರುಳಿಸಿ ಅರಿಯುವುದು ಮತ್ತೊಂದು. ಸಿಡ್ನಿಯಿಂದ ಪರ್ತ್ ನಗರಕ್ಕೆ ರಸ್ತೆಯ ಮೂಲಕ ಹೋದರೆ ಸುಮಾರು 4000 ಕಿಲೋಮೀಟರ್. ನಡುವೆ ನಲ್ಲರ್ಬಾರ್ ಎಂಬ ಬಯಲು. ಲ್ಯಾಟಿನ್ ಮಾತಿನಿಂದ ಕಟ್ಟಿದ ಆ ಹೆಸರಿಗೇ ಮರವಿಲ್ಲದ್ದು ಎಂದು ಅರ್ಥ. ಅಲ್ಲಿ ಒಂದೆಡೆ ರಸ್ತೆಯು 146 ಕಿಲೋಮೀಟರಿನವರೆಗೆ ಎಡಕ್ಕೂ ಬಾಗದೆ ಬಲಕ್ಕೂ ಬಾಗದೆ ಗೆರೆ ಎಳೆದಂತೆ ಸಾಗುತ್ತದೆ. ಇಂಥ ನಾಡಿನಲ್ಲಿ ಸಂಜೆಯಾದೊಡನೆ ತಂಗಲು ಒಂದು ಛತ್ರ ಸಿಕ್ಕೀತೆಂದು ನಂಬಿ ಹೊರಡುವಂತಿಲ್ಲ. ಆದ್ದರಿಂದಲೇ ಅಲ್ಲಿಯ ಗೃಹಸ್ಥರು ಮನೆಯನ್ನೇ ಮಡಿಸಿ, ಕಾರಿನ ಬೆನ್ನಿಗೆ ಕಟ್ಟಿಕೊಂಡು ಹೊರಡುವುದನ್ನು ರೂಢಿ ಮಾಡಿಕೊಂಡಿದ್ದಾರೆ.

ಈ ಮಡಿಸುವ ಮನೆಗೆ ಕ್ಯಾಂಪರ್ ಟ್ರೈಲರ್ ಎಂದು ಹೆಸರು. ನೋಡಲು ಎರಡು ಚಕ್ರದ ಉಕ್ಕಿನ ಪೆಟ್ಟಿಗೆ. ಬಿಚ್ಚಿದರೆ ಕ್ಯಾನ್ವಾಸ್ ಗುಡಾರ, ಹಾಸಿಗೆ, ಒಲೆ, ನೀರಿನ ತೊಟ್ಟಿ. ಮೆಲ್ಬರ್ನ್, ಸಿಡ್ನಿಗಳಲ್ಲಿ ನೆಲೆಸಿರುವ ನಮ್ಮವರಿಗೂ ಇದರ ಮೋಹ ತಗುಲಿದರೆ ಆಶ್ಚರ್ಯವಿಲ್ಲ. ಮಕ್ಕಳಿಗೆ ರಜೆ, ಕೈಯಲ್ಲಿ ಕಾರು, ಎದುರಿಗೆ ಒಂದು ಖಂಡ! ಆದರೆ ಕೊಳ್ಳುವವರಲ್ಲಿ ಹೆಚ್ಚಿನವರು ಮೊದಲು ನೋಡುವುದು ಹಾಸಿಗೆಯ ಅಗಲವನ್ನು, ಅಡಿಗೆಕಟ್ಟೆಯ ಹೊಳಪನ್ನು. ಮೊದಲು ನೋಡಬೇಕಾದದ್ದು ಬೇರೆಯೇ ಇದೆ. ಅದನ್ನು ನೋಡದೆ ಹೊರಟವರು ಹಣವನ್ನಷ್ಟೇ ಅಲ್ಲ, ಹಿಂದಿನ ಸೀಟಿನಲ್ಲಿ ಕುಳಿತಿರುವ ಮಕ್ಕಳ ಜೀವವನ್ನೂ ಒತ್ತೆಯಿಟ್ಟಂತೆ.

ತೂಕದ ಲೆಕ್ಕ

ಪ್ರತಿಯೊಂದು ಟ್ರೈಲರಿನ ಮೈಗೂ ಒಂದು ಲೋಹದ ಫಲಕವನ್ನು ಜಡಿದಿರುತ್ತಾರೆ. ಎ.ಟಿ.ಎಂ. ಎಂಬ ಮೂರಕ್ಷರದ ಮುಂದೆ ಅದರಲ್ಲಿ ಒಂದು ಸಂಖ್ಯೆ ಇರುತ್ತದೆ. ಕಾರಿನಿಂದ ಕಳಚಿ ನಿಲ್ಲಿಸಿದಾಗ, ಸರಕು ಸಾಮಾನು ಸಮೇತ ಆ ಟ್ರೈಲರ್ ತೂಗಬಹುದಾದ ಗರಿಷ್ಠ ತೂಕ ಅದು. ಬರಿಯ ಗಾಡಿಯ ತೂಕಕ್ಕೆ ಟೇರ್ ಎನ್ನುತ್ತಾರೆ. ಎರಡರ ನಡುವಣ ವ್ಯತ್ಯಾಸವೇ ನೀವು ಹೇರಬಹುದಾದ ಹೊರೆ.

ಒಂದು ಉದಾಹರಣೆ ನೋಡಿ. ಬರಿಯ ಗಾಡಿ 1400 ಕಿಲೋ, ಗರಿಷ್ಠ ಮಿತಿ 1700 ಕಿಲೋ. ಉಳಿದದ್ದು 300 ಕಿಲೋ. ಬೇಕಾದಷ್ಟಾಯಿತು ಎನ್ನುವಿರಾ? ತೊಟ್ಟಿಯಲ್ಲಿ 100 ಲೀಟರು ನೀರು ತುಂಬಿದರೆ ಅದೇ 100 ಕಿಲೋ. ಇಪ್ಪತ್ತು ಲೀಟರಿನ ಎರಡು ಡಬ್ಬಿ ಡೀಸೆಲ್ ಎಂದರೆ 40 ಕಿಲೋದ ಹತ್ತಿರ. ತಿಂಡಿ ತೀರ್ಥ ತುಂಬಿದ ಫ್ರಿಜ್, ಅನಿಲದ ಸಿಲಿಂಡರು, ಹಳೆಯ ಬಗೆಯ ಬ್ಯಾಟರಿಯಾದರೆ ಅದರದೇ 30 ಕಿಲೋ, ಮೇಲುಗುಡಾರ, ಅದರ ಕಂಬಗಳು, ಕುರ್ಚಿ, ಮೇಜು, ಮಕ್ಕಳ ಸೈಕಲ್ಲು! ಬಟ್ಟೆಯ ಪೆಟ್ಟಿಗೆ ಬರುವ ಹೊತ್ತಿಗೆ 300 ಕಿಲೋ ಮುಗಿದೇ ಹೋಗಿರುತ್ತದೆ. ಆದ್ದರಿಂದ ಕೊಳ್ಳುವ ಮುಂಚೆ ಫಲಕವನ್ನು ಓದಿ. ಕೊಂಡ ಮೇಲೆ ಪೂರ್ತಿ ಸಜ್ಜಾದ ಗಾಡಿಯನ್ನು ಒಮ್ಮೆ ತೂಕದ ಕಟ್ಟೆಯ ಮೇಲೆ ನಿಲ್ಲಿಸಿ. ಊಹೆಗಿಂತ ತಕ್ಕಡಿ ಪ್ರಾಮಾಣಿಕ.

ಇನ್ನು ಕಾರಿನ ಕಡೆಯ ಲೆಕ್ಕ. "ಈ ಕಾರು ಮೂರೂವರೆ ಟನ್ ಎಳೆಯುತ್ತದೆ" ಎಂದು ಮಾರುವವರು ಹೇಳುತ್ತಾರೆ. ಅದು ಅರ್ಧ ಮಾತು. ಕಾರು ಮತ್ತು ಟ್ರೈಲರ್ ಎರಡೂ ಕೂಡಿ ಇಷ್ಟಕ್ಕಿಂತ ಹೆಚ್ಚಿಗೆ ತೂಗಬಾರದೆಂಬ ಇನ್ನೊಂದು ಮಿತಿ ಇದೆ, ಅದು ಜಿ.ಸಿ.ಎಂ. ಆ ಮಿತಿ 6000 ಕಿಲೋ ಎಂದಿಟ್ಟುಕೊಳ್ಳಿ. ಟ್ರೈಲರ್ 3500 ಕಿಲೋ ತೂಗಿದರೆ ಕಾರಿಗೆ ಉಳಿದದ್ದು 2500. ಬರಿಯ ಕಾರೇ 2200 ಕಿಲೋ ಇದ್ದರೆ, ಗಂಡ ಹೆಂಡತಿ, ಮಕ್ಕಳು, ಅವರ ಸಾಮಾನು ಎಲ್ಲವೂ 300 ಕಿಲೋದಲ್ಲಿ ಅಡಗಬೇಕು. ಕಾರಿನ ಮಿತಿ, ಕೊಂಡಿಯ ಮಿತಿ, ಟ್ರೈಲರಿನ ಮಿತಿ, ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅದೇ ನಿಮ್ಮ ಮಿತಿ. ಇದನ್ನು ಮೀರಿದ ಗಾಡಿಗೆ ಅಪಘಾತವಾದರೆ ವಿಮೆಯವರು ಕೈತೊಳೆದುಕೊಳ್ಳಲು ಅವಕಾಶವಾಗುತ್ತದೆಂಬುದನ್ನೂ ಮರೆಯಬೇಡಿ.

ಮುಂಭಾರ, ಹಿಂಭಾರ

ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ಕಂಡವರಿಗೆ ಈ ವಿಷಯವನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಗಾಡಿ ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂಭಾರವಾದರೆ ನೊಗ ಕತ್ತನ್ನು ಅಮುಕುತ್ತದೆ. ಅನುಭವಸ್ಥನಾದ ರೈತನು ಮೂಕಿಯನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಿ, ತುಸುವೇ ಮುಂಭಾರವಿರುವಂತೆ ಹೇರುತ್ತಾನೆ. ಕಾರಿನ ಹಿಂದಿನ ಗಾಡಿಗೂ ಇದೇ ನ್ಯಾಯ. ಕಾರಿನ ಹಿಂಬದಿಯಲ್ಲಿರುವ 50 ಮಿಲಿಮೀಟರ್ ಉಕ್ಕಿನ ಗುಂಡಿನ ಮೇಲೆ ಟ್ರೈಲರಿನ ಮೂತಿ ಕೂಡುತ್ತದೆ. ಆ ಗುಂಡಿನ ಮೇಲೆ ಬೀಳುವ ಭಾರವು ಟ್ರೈಲರಿನ ಒಟ್ಟು ತೂಕದ ಹತ್ತರಲ್ಲೊಂದು ಪಾಲಿನಷ್ಟಿರಬೇಕೆಂಬುದು ಅಲ್ಲಿ ಬಳಕೆಯಲ್ಲಿರುವ ಸೂತ್ರ. 1700 ಕಿಲೋ ಗಾಡಿಗೆ 170 ಕಿಲೋ.

ಇದು ತೀರ ಕಡಿಮೆಯಾದರೆ ವೇಗದಲ್ಲಿ ಟ್ರೈಲರ್ ಬಾಲ ಬೀಸತೊಡಗುತ್ತದೆ. ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು, ಮುಂದಿನ ಚಕ್ರಗಳು ಹಗುರವಾಗಿ, ಸ್ಟೀರಿಂಗ್ ಮತ್ತು ಬ್ರೇಕು ಎರಡೂ ಬಲಗುಂದುತ್ತವೆ. ಕೆಲವು ಸಣ್ಣ ಕಾರುಗಳು ಒಂದೂವರೆ ಟನ್ ಎಳೆಯಬಲ್ಲವಾದರೂ ಗುಂಡಿನ ಮೇಲೆ 75 ಕಿಲೋಗಿಂತ ಹೆಚ್ಚು ಹೊರಲಾರವು. ಆದ್ದರಿಂದ ಕಾರಿನ ಕೈಪಿಡಿಯಲ್ಲಿ ಈ ಸಂಖ್ಯೆಯನ್ನೂ ಹುಡುಕಬೇಕು. ಹೇರುವಾಗ ಭಾರವಾದ ವಸ್ತುಗಳೆಲ್ಲ ಅಚ್ಚಿನ ಹತ್ತಿರ, ಕೆಳಗಡೆ ಇರಲಿ. ಹಿಂದುಗಡೆ ಎರಡು ಚಕ್ರ, ನಾಲ್ಕು ಸೈಕಲ್ಲು ತೂಗಹಾಕುವ ಚಪಲ ಬೇಡ.

ಬ್ರೇಕು ಮತ್ತು ಸರಪಳಿ

ಇಲ್ಲಿ ಕಾನೂನೇ ಗೆರೆ ಎಳೆದಿದೆ. ಚಕ್ರಗಳ ಮೇಲೆ ಬೀಳುವ ತೂಕ 750 ಕಿಲೋ ಮೀರದ ಒಂದೇ ಅಚ್ಚಿನ ಗಾಡಿಗೆ ಬ್ರೇಕು ಕಡ್ಡಾಯವಲ್ಲ. ಅಲ್ಲಿಂದ 2000 ಕಿಲೋವರೆಗೆ ಕನಿಷ್ಠ ಒಂದು ಅಚ್ಚಿನ ಎರಡೂ ಚಕ್ರಗಳಿಗೆ ಬ್ರೇಕು ಬೇಕು. 2000 ಮೀರಿದರೆ ಎಲ್ಲ ಚಕ್ರಗಳಿಗೂ ಬೇಕು. ಜೊತೆಗೆ ಗಾಡಿ ಅಕಸ್ಮಾತ್ ಕಳಚಿಕೊಂಡರೆ ತಾನಾಗಿಯೇ ಬ್ರೇಕು ಹಿಡಿದು, ಕನಿಷ್ಠ 15 ನಿಮಿಷ ಬಿಡದೆ ನಿಲ್ಲಿಸುವ ಸಾಧನವೂ ಇರಬೇಕು.

ಬ್ರೇಕಿನಲ್ಲಿ ಎರಡು ಬಗೆ. ಕಾರು ನಿಧಾನಿಸಿದಾಗ ಹಿಂದಿನ ಗಾಡಿ ಮುಂದೊತ್ತಿ, ಆ ಒತ್ತಡದಿಂದಲೇ ಬ್ರೇಕು ಹಿಡಿಯುವುದು ಒಂದು. ಅಗ್ಗವಾದದ್ದು, 2000 ಕಿಲೋಗೆ ಅದರ ಯೋಗ್ಯತೆ ಮುಗಿಯಿತು. ವಿದ್ಯುತ್ತಿನ ಬ್ರೇಕು ಇನ್ನೊಂದು. ಅದಕ್ಕೆ ಕಾರಿನೊಳಗೆ ನಿಯಂತ್ರಕ ಬೇಕು. ಹಣ ಹೆಚ್ಚಾದರೂ, ಡ್ರೈವರ್ ಕೂತಲ್ಲಿಂದಲೇ ಟ್ರೈಲರಿನ ಬ್ರೇಕನ್ನು ಮಾತ್ರ ಪ್ರತ್ಯೇಕವಾಗಿ ಹಿಡಿಯಬಹುದೆಂಬುದು ಅದರ ದೊಡ್ಡ ಗುಣ. ಈ ಗುಣ ಒಂದು ದಿನ ಪ್ರಾಣ ಉಳಿಸೀತು. ಸುರಕ್ಷಾ ಸರಪಳಿಗಳನ್ನು ಕೊಂಡಿಯ ಕೆಳಗೆ ಒಂದರ ಮೇಲೊಂದು ಅಡ್ಡಹಾಯುವಂತೆ ಹಾಕಬೇಕು. ಕೊಂಡಿ ಕಳಚಿದರೂ ಮೂತಿ ನೆಲಕ್ಕೆ ಬಡಿಯದೆ ಸರಪಳಿಯ ತೊಟ್ಟಿಲಲ್ಲಿ ಕೂಡುತ್ತದೆ.

ಯಾವ ಬಗೆಯ ಗುಡಾರ?

ನೆಲಕ್ಕೆ ಬಟ್ಟೆಯನ್ನೇ ಹಾಸುವ ಗುಡಾರ ಹಗುರ, ಅಗ್ಗ, ಒಳಗೆ ಜಾಗವೂ ಹೆಚ್ಚು. ಆದರೆ ಕಟ್ಟಲು ಗೂಟ, ಕಂಬ, ಅರ್ಧ ಗಂಟೆಯ ತಾಳ್ಮೆ ಬೇಕು. ಪೆಟ್ಟಿಗೆಯ ಮುಚ್ಚಳವೇ ಹಿಂದಕ್ಕೆ ಬಿದ್ದು ಗಟ್ಟಿನೆಲವಾಗುವ ಬಗೆ ಬೇಗ ನಿಲ್ಲುತ್ತದೆ, ಕೆಸರಿನಿಂದ ಮೇಲಿರುತ್ತದೆ. ಆದರೆ ಒಳಗಿನ ಜಾಗ ಕಿರಿದು. ಮುಚ್ಚಳ ಮುಂದಕ್ಕೆ ಬಿದ್ದು ಮೂಕಿಯ ಮೇಲೆ ಹಾಸಿಗೆಯಾಗಿ, ಒಳಗೆ ಕುಳಿತು ಊಟ ಮಾಡಲು ಅನುಕೂಲವಿರುವ ಬಗೆ ಸಂಸಾರವಂದಿಗರಿಗೆ ಪ್ರಿಯ. ಆದರೆ ಭಾರವೂ ಹೆಚ್ಚು, ಬೆಲೆಯೂ ಹೆಚ್ಚು. ದಿನಕ್ಕೊಂದು ಊರು ಬದಲಿಸುವವರಿಗೆ ಬೇಗ ನಿಲ್ಲುವುದು ಮುಖ್ಯ. ಒಂದೇ ಸಮುದ್ರತೀರದಲ್ಲಿ ವಾರ ಕಳೆಯುವವರಿಗೆ ಜಾಗ ಮುಖ್ಯ. ಯಾವುದು ನಿಮ್ಮ ಪ್ರವಾಸ ಎಂದು ಮೊದಲು ಮನೆಯಲ್ಲಿ ಮಾತಾಡಿ ತೀರ್ಮಾನಿಸಿ.

ಹೊಸ ಕ್ಯಾನ್ವಾಸಿಗೆ ಒಂದು ಸಂಸ್ಕಾರವಿದೆ. ಮನೆಯಂಗಳದಲ್ಲಿ ಗುಡಾರ ಹೂಡಿ, ಚೆನ್ನಾಗಿ ನೀರು ಹಾಯಿಸಿ, ಪೂರ್ತಿ ಒಣಗಲು ಬಿಡಬೇಕು. ಎರಡು ಮೂರು ಸಲ ಹೀಗೆ ಮಾಡಿದರೆ ನೂಲು ಉಬ್ಬಿ ಹೊಲಿಗೆಯ ತೂತುಗಳು ಮುಚ್ಚಿಕೊಳ್ಳುತ್ತವೆ. ಇದನ್ನು ಮಾಡದೆ ಹೊರಟು, ಮೊದಲ ಮಳೆಗೆ ಸೋರಿತೆಂದು ಅಂಗಡಿಯವನನ್ನು ಬಯ್ದು ಫಲವಿಲ್ಲ. ಒದ್ದೆಯಾಗಿಯೇ ಮಡಿಸಬೇಕಾಗಿ ಬಂದರೆ ಊರಿಗೆ ಬಂದೊಡನೆ ಬಿಚ್ಚಿ ಒಣಗಿಸಿ. ಇಲ್ಲವಾದರೆ ಬೂಷ್ಟು ಹಿಡಿಯುವುದು ಖಂಡಿತ.

ವಿದ್ಯುತ್ತು, ಬೆಂಕಿ

ಹನ್ನೆರಡು ವೋಲ್ಟಿನ ಫ್ರಿಜ್ ಬಿಸಿಲಿನ ಏರಿಳಿತಕ್ಕೆ ತಕ್ಕಂತೆ ದಿನಕ್ಕೆ ಸುಮಾರು 30ರಿಂದ 50 ಆಂಪಿಯರ್-ಗಂಟೆ ವಿದ್ಯುತ್ತನ್ನು ಕುಡಿಯುತ್ತದೆ. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಅರ್ಧದಷ್ಟನ್ನು ಮಾತ್ರ ಬಳಸುವುದು ಕ್ಷೇಮ. ಎಂದರೆ ಒಂದು ದಿನ ಕಳೆಯುವಷ್ಟರಲ್ಲಿ ಮರುಪೂರಣ ಆಗಲೇಬೇಕು. ಸೌರಫಲಕವೋ ಓಡುವ ಕಾರಿನಿಂದ ಬರುವ ತಂತಿಯೋ ಬೇಕು. ಲಿಥಿಯಂ ಬ್ಯಾಟರಿ ಅರ್ಧಕ್ಕಿಂತ ಹಗುರ, ಬಹುಪಾಲನ್ನು ಬಳಸಲೂಬಹುದು. ಬೆಲೆ ಮಾತ್ರ ಹೆಚ್ಚು.

ಬೆಂಕಿಯ ವಿಷಯದಲ್ಲಿ ಒಂದೇ ಮಾತು, ಆದರೆ ಅದು ಕಟ್ಟುನಿಟ್ಟಿನ ಮಾತು. ಚಳಿಯೆಂದು ಅನಿಲದ ಒಲೆಯನ್ನಾಗಲಿ ಇದ್ದಿಲ ಕೆಂಡವನ್ನಾಗಲಿ ಗುಡಾರದೊಳಗೆ ಉರಿಯಲು ಬಿಟ್ಟು ಮಲಗಬೇಡಿ. ಅದರಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಮಲಗಿದವರು ಏಳುವುದಿಲ್ಲ. ಕಂಬಳಿ ಇನ್ನೊಂದು ಹೆಚ್ಚು ಹೊದ್ದರಾಯಿತು.

ಎಳೆಯುವ ವಿದ್ಯೆ

ಹಿಂದೆ ಗಾಡಿಯಿದ್ದರೆ ಕಾರು ನಿಲ್ಲಲು ಹೆಚ್ಚು ದೂರ ಬೇಕು, ಮುನ್ನುಗ್ಗಲು ಹೆಚ್ಚು ಹೊತ್ತು ಬೇಕು, ತಿರುವಿನಲ್ಲಿ ಹೆಚ್ಚು ಅಗಲ ಬೇಕು. ಹಿಂದಿನ ಚಕ್ರಗಳು ಒಳದಾರಿ ಹಿಡಿಯುತ್ತವೆ. ಹಿಂದಕ್ಕೆ ನಡೆಸುವಾಗ ಸ್ಟೀರಿಂಗಿನ ಕೆಳತುದಿಯನ್ನು ಹಿಡಿದುಕೊಳ್ಳಿ. ಗಾಡಿಯ ಹಿಂಭಾಗ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೆ ಸರಿಸಿ, ಸ್ವಲ್ಪ ಸ್ವಲ್ಪವಾಗಿ. ಗಾಡಿ ಚಿಕ್ಕದಾದಷ್ಟೂ ಬೇಗ ಮುರಿದುಕೊಂಡು ತಿರುಗುತ್ತದೆ. ರಜಾ ದಿನದಲ್ಲಿ ಖಾಲಿ ಮೈದಾನವೊಂದರಲ್ಲಿ ಒಂದು ಗಂಟೆ ಅಭ್ಯಾಸ ಮಾಡಿದರೆ, ತುಂಬಿದ ಬಿಡಾರದಲ್ಲಿ ನಾಲ್ಕು ಜನರೆದುರು ಗಂಡ ಹೆಂಡತಿ ಜಗಳವಾಡುವುದು ತಪ್ಪುತ್ತದೆ.

ಎಲ್ಲಕ್ಕಿಂತ ಅಪಾಯದ ಗಳಿಗೆ ಗಾಡಿ ಬಾಲ ಬೀಸುವ ಗಳಿಗೆ. ಇಳಿಜಾರಿನ ವೇಗ, ಬೀಸುಗಾಳಿ, ದೊಡ್ಡ ಲಾರಿಯೊಂದು ಹಾದುಹೋದ ಸೆಳೆತ, ಯಾವುದಾದರೂ ಸಾಕು. ಆಗ ಮನುಷ್ಯನ ಸಹಜ ಬುದ್ಧಿ ಎರಡು ತಪ್ಪುಗಳನ್ನು ಹೇಳಿಕೊಡುತ್ತದೆ: ಬ್ರೇಕನ್ನು ಜೋರಾಗಿ ತುಳಿ, ಸ್ಟೀರಿಂಗನ್ನು ಎದುರು ಬದಿಗೆ ತಿರುಗಿಸು. ಎರಡನ್ನೂ ಮಾಡಬೇಡಿ. ಸ್ಟೀರಿಂಗನ್ನು ನೇರವಾಗಿ ಹಿಡಿದು, ವೇಗದ ಪೆಡಲಿನಿಂದ ಕಾಲನ್ನು ಮೆಲ್ಲಗೆ ತೆಗೆಯಿರಿ. ವಿದ್ಯುತ್ತಿನ ಬ್ರೇಕು ಇದ್ದರೆ ನಿಯಂತ್ರಕದಿಂದ ಟ್ರೈಲರಿನ ಬ್ರೇಕನ್ನು ಮಾತ್ರ ಹಗುರವಾಗಿ ಹಿಡಿಯಿರಿ. ಗಾಡಿ ಹಿಂದಕ್ಕೆ ಜಗ್ಗಿ ನೇರವಾಗುತ್ತದೆ. ನಿಂತ ಮೇಲೆ ಹೊರೆಯನ್ನು ಮತ್ತೆ ಜೋಡಿಸದೆ ಮುಂದುವರಿಯಬೇಡಿ.

ಕಿಂಬರ್ಲಿ ಸೀಮೆಯ ಗಿಬ್ ನದಿ ರಸ್ತೆಯಂಥ ಸುಮಾರು 660 ಕಿಲೋಮೀಟರ್ ಹಾದಿಗಳಲ್ಲಿ ಬಹುಭಾಗ ಮಣ್ಣು. ನೆಲ ಒಗೆಯುವ ಹಲಗೆಯಂತೆ ಏಣೇಣಾಗಿರುತ್ತದೆ. ಅಲ್ಲಿ ಟೈರಿನ ಗಾಳಿಯನ್ನು ತಗ್ಗಿಸಿ, ವೇಗವನ್ನೂ ತಗ್ಗಿಸಿ. ದಿನವೂ ನಿಂತೊಡನೆ ಚಕ್ರದ ನಡುಭಾಗವನ್ನು ಕೈಯಿಂದ ಮುಟ್ಟುವಂತೆ ಹತ್ತಿರ ಹಿಡಿದು ನೋಡಿ. ಒಂದು ಮಾತ್ರ ಬಹಳ ಕಾದಿದ್ದರೆ ಅದರ ಬೇರಿಂಗಿಗೋ ಬ್ರೇಕಿಗೋ ಕೇಡು ಹತ್ತಿದೆ ಎಂದು ತಿಳಿಯಿರಿ. ಟ್ರೈಲರಿನ ಚಕ್ರಗಳು ಕಾರಿನ ಚಕ್ರಗಳಿಗೇ ಹೊಂದುವಂತಿದ್ದರೆ ಒಂದರದು ಇನ್ನೊಂದಕ್ಕೆ ಆಪತ್ತಿನಲ್ಲಿ ಒದಗುತ್ತದೆ.

ಕೊಳ್ಳುವ ಮುಂಚೆ

ಹಳೆಯದನ್ನು ಕೊಳ್ಳುವವರು ಗುಡಾರವನ್ನು ಪೂರ್ತಿ ಬಿಚ್ಚಿಸಿ ನೋಡಲಿ. ಬಿಚ್ಚಲು ಹೊತ್ತಿಲ್ಲವೆನ್ನುವವನಿಂದ ಕೊಳ್ಳಬೇಕಾಗಿಲ್ಲ. ಕೆಳಗೆ ಬಗ್ಗಿ ಚೌಕಟ್ಟಿನ ಬೆಸುಗೆಗಳಲ್ಲಿ ಬಿರುಕು, ತುಕ್ಕು ಇವೆಯೇ ಎಂದು ನೋಡಿ. ಟೈರಿನ ಹಲ್ಲು ಮಾತ್ರವಲ್ಲ, ವಯಸ್ಸನ್ನೂ ಕೇಳಿ; ಓಡದೆ ನಿಂತ ಟೈರೂ ಒಣಗಿ ಸೀಳುತ್ತದೆ. ಫಲಕದ ಸಂಖ್ಯೆ ಮತ್ತು ನೋಂದಣಿಯ ಕಾಗದ ಒಂದಕ್ಕೊಂದು ತಾಳೆಯಾಗಬೇಕು.

ಇಷ್ಟೆಲ್ಲ ಓದಿ ಎದೆಗುಂದಬೇಕಾಗಿಲ್ಲ. ಸಾಧ್ಯವಾದರೆ ಮೊದಲು ನಾಲ್ಕು ದಿನಕ್ಕೆ ಬಾಡಿಗೆಗೆ ತಂದು, ಹತ್ತಿರದ ಊರಿಗೆ ಹೋಗಿ ಬನ್ನಿ. ಮನೆಯಾಕೆಗೆ ಅಡಿಗೆಕಟ್ಟೆ ಎಟಕುವುದೇ, ಮಕ್ಕಳಿಗೆ ನಿದ್ದೆ ಬರುವುದೇ, ಕತ್ತಲಲ್ಲಿ ಗೂಟ ಹೊಡೆಯುವ ಉತ್ಸಾಹ ನಿಮ್ಮಲ್ಲಿ ಎರಡನೆಯ ದಿನವೂ ಉಳಿಯುವುದೇ, ಎಲ್ಲವೂ ತಿಳಿಯುತ್ತದೆ. ಲೆಕ್ಕ ಸರಿಯಾಗಿ, ಹೊರೆ ಹಿಡಿತದಲ್ಲಿದ್ದು, ಕೊಂಡಿ ಭದ್ರವಾಗಿದ್ದರೆ, ಆ ಬಯಲಿನ ರಾತ್ರಿಯಲ್ಲಿ ತಲೆಯೆತ್ತಿ ನಕ್ಷತ್ರ ನೋಡಲು ನಿಮಗೆ ನಿಶ್ಚಿಂತೆಯ ಮನಸ್ಸಿರುತ್ತದೆ. ಪ್ರವಾಸ ಹೊರಡುವುದು ಅದಕ್ಕಾಗಿಯೇ ಅಲ್ಲವೆ?